ಒಳಗಿನ ಚಿಲಕ

ಜನವರಿ ೯

ಹೊಸ ಮಾನಸಿಕ ಆಸ್ಪತ್ರೆಯ ನಕ್ಷೆ ಮಾಡಿದ ಆರ್ಕಿಟೆಕ್ಟ್ ಅವರಿಗೆ,

ನಾನು ಬಾಗಿಲು ಕಾರ್ಖಾನೆಯ ಯಜಮಾನಿ. ಈ ಮನೆಗೆ ಹಿರಿಸೊಸೆಯಾಗಿ ಬಂದವಳು. ಮಾವನವರು ಹಾಕಿದ ಕಾರ್ಖಾನೆಯನ್ನು ಗಂಡ ನಡೆಸಿದರು, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಈ ಊರಿನ ಶಾಲೆ, ಬ್ಯಾಂಕು, ನ್ಯಾಯಾಲಯ ಎಲ್ಲಕ್ಕೂ ಬಾಗಿಲು ನಮ್ಮದೇ. ಮ್ಯಾನೇಜರ್ ಎಂದು ಸಹಿ ಹಾಕುವವನು ನನ್ನ ಮಗ. ಯಾವುದಕ್ಕೆ ಸಹಿ ಹಾಕಬೇಕೆಂದು ಹೇಳುವವಳು ನಾನು. ಆದ್ದರಿಂದ ಇನ್ನು ಮುಂದೆ ಪತ್ರ ಬರೆಯುವುದಿದ್ದರೆ ನನಗೇ ಬರೆಯಿರಿ.

ನಿಮ್ಮ ನಕ್ಷೆ ನೋಡಿದೆ. ಯಾವುದನ್ನೂ ಕಟ್ಟಿ ನೇತುಹಾಕಲು ಬಾರದಂತೆ ಹಿಡಿಕೆ ಇಳಿಜಾರಾಗಿರಬೇಕು ಎಂದಿದ್ದೀರಿ. ಸರಿ. ಕೀಲು ಕಾಣಿಸಬಾರದು ಎಂದಿದ್ದೀರಿ. ಅದೂ ಸರಿ. ಬಾಗಿಲು ಒಳಕ್ಕೆ ತೆರೆಯಬೇಕು, ಬೇಕೆಂದಾಗ ಹೊರಕ್ಕೂ ತೆರೆಯಬೇಕು ಎಂದಿದ್ದೀರಿ. ನನ್ನ ಬಡಗಿ ತಲೆ ಕೆರೆದುಕೊಂಡ, ಆದರೂ ಮಾಡುತ್ತೇವೆ. ಮಾಡದೆ ಇರುವುದು ಒಂದೇ. ಮಲಗುವ ಕೋಣೆಗಳ ಬಾಗಿಲಿಗೆಲ್ಲ ಒಳಗಿನಿಂದ ಚಿಲಕ ಬೇಕೆಂದು ಬರೆದಿದ್ದೀರಿ. ಬಡಗಿ ಅದನ್ನು ನಕ್ಷೆ ಬರೆದವರ ಕೈತಪ್ಪು ಎಂದುಕೊಂಡ. ನಾನು ಹಾಗೆಂದುಕೊಳ್ಳಲಿಲ್ಲ, ಏಕೆಂದರೆ ತಪ್ಪು ಪ್ರತಿ ಹಾಳೆಯಲ್ಲೂ ಇದೆ.

ಕಾರಣವನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಹಳೆಯ ಆಸ್ಪತ್ರೆಯ ಭದ್ರ ವಿಭಾಗದಲ್ಲಿ ನನ್ನ ಮೈದುನ ಇದ್ದಾನೆ. ನಾನು ಮದುವೆಯಾಗಿ ಬಂದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅತ್ತೆ ಇರಲಿಲ್ಲ, ನಾನೇ ಬೆಳೆಸಿದೆ. ಕಾಯಿಲೆ ಬಂದ ಮೇಲೆ ಒಂದು ದಿನ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ನಮ್ಮ ಕಾರ್ಖಾನೆಯ ಬಾಗಿಲು, ಒಡೆಯುವುದು ಸುಲಭವಲ್ಲ. ನನ್ನ ಗಂಡ ಕೊಡಲಿ ಹಿಡಿದು ಒಡೆದು ಒಳಗೆ ಹೋಗುವುದು ಇನ್ನೊಂದು ಚೂರು ತಡವಾಗಿದ್ದರೆ ಅವನು ಇರುತ್ತಿರಲಿಲ್ಲ. ಅದಾದ ಮೇಲೆ ಒಮ್ಮೆ ಪಕ್ಕದ ಮನೆಯವರ ತಲೆ ಒಡೆದ. ನ್ಯಾಯಾಲಯ ಅವನನ್ನು ಅಲ್ಲಿಗೆ ಕಳಿಸಿತು.

ಬಚ್ಚಲುಮನೆಯ ಬಾಗಿಲು ಒಡೆದ ದಿನ ಮನೆಯ ಎಲ್ಲ ಬಾಗಿಲುಗಳ ಚಿಲಕ ಕೀಳಿಸಿದೆ, ನನ್ನ ಕೋಣೆಯದನ್ನೂ ಸೇರಿಸಿ. ಇವತ್ತಿಗೂ ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದವರು ಒಳಗಿನಿಂದ ಹಾಡುತ್ತಿರಬೇಕು, ಇಲ್ಲವೇ ಕೆಮ್ಮುತ್ತಿರಬೇಕು. ಸೊಸೆಗೆ ಹಾಡು ಬರುವುದಿಲ್ಲ. ಪಾಪ, ಕೆಮ್ಮುತ್ತಾಳೆ.

ನಿಮ್ಮ ಹೊಸ ಕಟ್ಟಡ ಎದ್ದ ಮೇಲೆ ಅವನು ಅಲ್ಲಿಗೇ ಬರುವವನು. ಅವನ ಕೈಗೆ ಚಿಲಕ ಕೊಡುವ ಬಾಗಿಲನ್ನು ನಾನು ಮಾಡುವುದಿಲ್ಲ.

ಇಂತಿ,
ಬಾಗಿಲು ಕಾರ್ಖಾನೆಯ ಯಜಮಾನಿ

ಜನವರಿ ೨೨

ಯಜಮಾನಿಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದು ನನ್ನ ಕೈತಪ್ಪಲ್ಲ ಎಂದು ಗುರುತಿಸಿದ್ದಕ್ಕೆ ಮೊದಲು ವಂದನೆ. ಅದನ್ನು ಕೈತಪ್ಪು ಎಂದವರಲ್ಲಿ ನಿಮ್ಮ ಬಡಗಿ ಮೊದಲನೆಯವರೂ ಅಲ್ಲ, ಕೊನೆಯವರೂ ಅಲ್ಲ.

ಈ ಆಸ್ಪತ್ರೆಗೆ ಎತ್ತರದ ಕಾಂಪೌಂಡ್ ಗೋಡೆ ಇಲ್ಲ. ಕಟ್ಟಡವೇ ಸುತ್ತಲೂ ಗೋಡೆಯಾಗಿ ನಿಂತು ನಡುವೆ ಅಂಗಳ ಬಿಡುತ್ತದೆ. ಹೊರಗೆ ಬರಲು ಎರಡು ಬಾಗಿಲು ದಾಟಬೇಕು, ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಅಂದರೆ ಯಾರೂ ತಪ್ಪಿಸಿಕೊಂಡು ಹೋಗದಂತೆ ನೋಡಿಕೊಳ್ಳುವ ಕೆಲಸ ಹೊರಗಿನ ಬಾಗಿಲಿನದು. ಮಲಗುವ ಕೋಣೆಯ ಬಾಗಿಲಿಗೆ ಆ ಕೆಲಸವಿಲ್ಲ. ಅದು ಆ ಕೋಣೆಯವರ ಬಾಗಿಲು.

ಒಳಗಿನ ಚಿಲಕವನ್ನು ಬೆರಳಲ್ಲಿ ತಿರುಗಿಸಬಹುದು. ಆದರೆ ಹೊರಗಿರುವ ದಾದಿಯ ಬೀಗದ ಕೈಗೆ ಅದು ಒಂದೇ ತಿರುವಿನಲ್ಲಿ ಬಿಟ್ಟುಕೊಡುತ್ತದೆ. ಒಳಗಿನವರು ಬಾಗಿಲಿಗೆ ಅಡ್ಡ ಬಿದ್ದಿದ್ದರೂ ಬಾಗಿಲನ್ನು ಹೊರಕ್ಕೆ ಬಿಡದೆ ಹಿಡಿದಿರುವ ಚೌಕಟ್ಟಿನ ತಡೆಪಟ್ಟಿ ಅದೇ ಬೀಗದ ಕೈಗೆ ಕಳಚಿಕೊಂಡು ಬಾಗಿಲು ಹೊರಕ್ಕೆ ಬರುತ್ತದೆ. ಕೊಡಲಿ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಚಿಲಕ ನಾನು ಕಂಡ ಕನಸಲ್ಲ. ನಕ್ಷೆ ಬರೆಯುವ ಮೊದಲು ಹಳೆಯ ವಿಭಾಗದಲ್ಲಿ ಇರುವವರನ್ನೇ ಏನು ಬೇಕೆಂದು ಕೇಳಿದೆವು. ಒಬ್ಬರು ಕಿಟಕಿ ಕೇಳಿದರು. ಒಬ್ಬರು ಸರಿಯಾದ ಸಮಯ ತೋರಿಸುವ ಗಡಿಯಾರ ಕೇಳಿದರು. ಇನ್ನೊಬ್ಬರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಇರ್ತೀನಿ. ಇಲ್ಲಾಂದ್ರೆ ಯಾರಾದ್ರೂ ಬಂದುಬಿಡ್ತಾರೆ. ಕಸ ಗುಡಿಸೋರು, ದಾರಿ ತಪ್ಪಿದೋರು, ಸುಮ್ಮನೆ ನೋಡೋಕೆ ಬಂದೋರು. ನನಗೆ ಒಂದು ಚಿಲಕ ಕೊಡಿ ಸಾಕು."

ಅವರು ಯಾರೆಂದು ಹೇಳುವ ಅಧಿಕಾರ ನನಗಿಲ್ಲ.

ಗೌರವಗಳೊಂದಿಗೆ,
ಆರ್ಕಿಟೆಕ್ಟ್

ಫೆಬ್ರವರಿ ೬

ಆರ್ಕಿಟೆಕ್ಟ್ ಅವರಿಗೆ,

ನೀವು ಹೇಳಬೇಕಾಗಿಲ್ಲ. ಭೇಟಿಯ ದಿನ ಹೋಗಿ ನಾನೇ ಕೇಳಿದೆ.

"ಚಿಲಕ ಕೇಳಿದ್ದು ನೀನೇನೋ?"

"ಹೌದು ಅತ್ತಿಗೆ."

"ಯಾಕೆ?"

"ಹಾಕ್ಕೊಳ್ಳೋಕೆ."

"ಹಾಕ್ಕೊಂಡು ಏನು ಮಾಡ್ತೀಯ?"

"ಮಲಗ್ತೀನಿ."

"ಇಷ್ಟು ವರ್ಷ ಮಲಗಿರಲಿಲ್ವಾ?"

"ಇಲ್ಲ," ಎಂದ.

ನನ್ನ ಮುಖ ನೋಡದೆ, ಮೇಜಿನ ಅಂಚನ್ನು ಬೆರಳಲ್ಲಿ ಸವರುತ್ತ ಹೇಳಿದ. ನಾನು ಇಷ್ಟು ಕಾಲದಿಂದ ಅವನನ್ನು ನೋಡಲು ಹೋಗುತ್ತಿದ್ದೇನೆ. ಊಟ ಮಾಡಿದೆಯಾ ಎಂದು ಕೇಳುತ್ತೇನೆ, ಮಾಡಿದೆ ಎನ್ನುತ್ತಾನೆ. ನಿದ್ದೆ ಬರುತ್ತದಾ ಎಂದರೆ ಬರುತ್ತದೆ ಎನ್ನುತ್ತಾನೆ. ಮನೆಯವಳಾದ ನನಗೆ ಹೇಳದ್ದನ್ನು ಕಾಗದ ಪೆನ್ಸಿಲು ಹಿಡಿದು ಬಂದ ನಿಮಗೆ ಹೇಳಿದ್ದಾನೆ. ಇರಲಿ.

ಆದರೆ ಅವನು ಕೇಳಿದ್ದನ್ನೆಲ್ಲ ಕೊಡಬೇಕೆಂದಿಲ್ಲ. ಚಿಕ್ಕವನಿದ್ದಾಗ ಉಳಿ ಕೇಳುತ್ತಿದ್ದ, ಅದನ್ನೂ ಕೊಟ್ಟಿರಲಿಲ್ಲ. ಪರೀಕ್ಷೆಗೆಂದು ನೀವು ಕೇಳಿದ ಮಾದರಿ ಬಾಗಿಲನ್ನು ನಿನ್ನೆ ಕಳಿಸಿದ್ದೇನೆ. ಚಿಲಕದ ಜಾಗಕ್ಕೆ ಮರದ ತುಂಡು ತುಂಬಿಸಿ ಪಾಲಿಶ್ ಮಾಡಿಸಿದ್ದೇನೆ. ಅಲ್ಲೊಂದು ತೂತು ಇತ್ತೆಂದು ನಿಮಗೂ ಗೊತ್ತಾಗುವುದಿಲ್ಲ.

ಇಂತಿ,
ಯಜಮಾನಿ

ಮಾರ್ಚ್ ೩

ಯಜಮಾನಿಯವರಿಗೆ ನಮಸ್ಕಾರಗಳು.

ತೂತು ಎಲ್ಲಿತ್ತೆಂದು ನಿಜಕ್ಕೂ ಗೊತ್ತಾಗಲಿಲ್ಲ. ಕೈಯಾಡಿಸಿ ಹುಡುಕಿ ಸೋತೆ.

ಮಾದರಿಗಳ ಪರೀಕ್ಷೆ ಮುಗಿಯಿತು. ಒದೆಯುವುದು, ಗುದ್ದುವುದು, ಮಂಚವನ್ನು ಎತ್ತಿ ಹೊಡೆಯುವುದು, ಎಲ್ಲವನ್ನೂ ಆಸ್ಪತ್ರೆಯ ಅಟೆಂಡರುಗಳೇ ಮಾಡುತ್ತಾರೆ. ಬೇರೆಯವರ ಬಾಗಿಲುಗಳು ಒಂದೊಂದಾಗಿ ಬಿರುಕು ಬಿಟ್ಟವು. ನಿಮ್ಮದು ಅಲ್ಲಾಡಲಿಲ್ಲ. ಎಲ್ಲರಿಗಿಂತ ಗಟ್ಟಿಗ ಅಟೆಂಡರ್ ಭುಜ ಉಜ್ಜಿಕೊಳ್ಳುತ್ತ, "ಈ ಬಾಗಿಲು ಮಾಡಿದೋರಿಗೆ ನಮ್ಮ ಮೇಲೆ ಏನೋ ಸಿಟ್ಟಿದೆ ಮೇಡಂ," ಎಂದ.

ಆದರೂ ಮಾದರಿಯನ್ನು ತಿರಸ್ಕರಿಸಬೇಕಾಯಿತು. ಚಿಲಕವಿಲ್ಲದ ಬಾಗಿಲನ್ನು ನಾವು ಒಪ್ಪುವಂತಿಲ್ಲ. ನೀವು ಕೈಬಿಟ್ಟರೆ ಈ ಕೆಲಸ ಪರೀಕ್ಷೆಯಲ್ಲಿ ಎರಡನೆಯವರಾಗಿ ಬಂದ ಕಾರ್ಖಾನೆಗೆ ಹೋಗುತ್ತದೆ. ಅವರು ಚಿಲಕ ಹಾಕುತ್ತಾರೆ, ಆದರೆ ಅವರ ಬಾಗಿಲು ನಿಮ್ಮದರಷ್ಟು ಒಳ್ಳೆಯದಲ್ಲ. ನಿಮ್ಮ ಮೈದುನ ಮಲಗುವುದು ಅದರ ಹಿಂದೆ. ಇದು ಬೆದರಿಕೆಯಲ್ಲ. ಇರುವ ವಿಷಯವನ್ನು ಇದ್ದ ಹಾಗೆ ಹೇಳುವುದು ನಿಮಗೆ ಇಷ್ಟವೆಂದು ಬರೆದೆ.

ಒಂದು ಕೋರಿಕೆ. ನಿಮ್ಮ ಕಾರ್ಖಾನೆಯ ಅಂಗಳದಲ್ಲಿ ಒಂದು ಮಾದರಿ ಕೋಣೆ ಕಟ್ಟಿಸಿಕೊಡುತ್ತೇನೆ. ಅದೇ ಅಳತೆ, ಅದೇ ಕಿಟಕಿ, ಅದೇ ಮಂಚ. ನಿಮ್ಮ ಚಿಲಕವಿಲ್ಲದ ಬಾಗಿಲನ್ನೇ ಅದಕ್ಕೆ ಕೂರಿಸಿ. ಒಂದು ಹಗಲು ನೀವೇ ಒಳಗಿರಿ. ಆಮೇಲೂ ಬೇಡವೆಂದರೆ ನಾನು ಮತ್ತೆ ಕೇಳುವುದಿಲ್ಲ.

ಆರ್ಕಿಟೆಕ್ಟ್

ಮಾರ್ಚ್ ೨೯

ಆರ್ಕಿಟೆಕ್ಟ್ ಅವರಿಗೆ,

ಕೂತೆ. ಹೇಗಿತ್ತೆಂದು ಬರೆಯುತ್ತೇನೆ.

ಬೆಳಿಗ್ಗೆ ಒಳಗೆ ಹೋಗಿ, ಹೊರಗಿನಿಂದ ಬೀಗ ಹಾಕಲು ಬಡಗಿಗೆ ಹೇಳಿದೆ. ಬೀಗ ಬಿತ್ತು. ನನಗೆ ಏನೂ ಅನ್ನಿಸಲಿಲ್ಲ. ನಿಮ್ಮ ಕಿಟಕಿ ಚೆನ್ನಾಗಿದೆ, ಮಂಚದ ಮೇಲಿಂದ ಆಕಾಶ ಕಾಣುತ್ತದೆ. ಮನೆಯಲ್ಲಿ ಒಂದು ಗಳಿಗೆ ಕೂರಲು ಬಿಡುವವರಿಲ್ಲ, ಇದು ಪರವಾಗಿಲ್ಲವಲ್ಲ ಎಂದುಕೊಂಡೆ.

ಆಮೇಲೆ ಶುರುವಾಯಿತು. ಬಾಗಿಲ ಕಿಂಡಿಯ ಪಟ್ಟಿ ಸರಿಸಿ ಬಡಗಿ ಇಣುಕಿದ. "ಸರಿ ಇದೀರಾ ಅಮ್ಮ?" ಸರಿ ಇದ್ದೇನೆ ಎಂದೆ. ಲೆಕ್ಕ ಬರೆಯುವವನು ಇಣುಕಿದ. ಯಾಕೆ ಎಂದರೆ, "ಸುಮ್ಮನೆ ಅಮ್ಮ." ಮರ ಇಳಿಸಲು ಬಂದ ಲಾರಿ ಚಾಲಕ, ನನಗೆ ಪರಿಚಯವೂ ಇಲ್ಲದವನು, ಇಣುಕಿದ. "ಒಳಗಿರೋದು ಯಾರು?" ಎಂದು ಅವನು ಕೇಳಿದ್ದೂ, "ನಮ್ಮ ಯಜಮಾನಿ" ಎಂದು ಯಾರೋ ಹೇಳಿದ್ದೂ, ಅವನು ನಕ್ಕದ್ದೂ ಕೇಳಿಸಿತು. ಮಗ ಬೀಗ ತೆಗೆದು ನೇರ ಒಳಗೇ ಬಂದ.

"ಏನಮ್ಮ ಇದು ಹುಡುಗಾಟ? ಎಲ್ಲರೂ ನೋಡ್ತಿದಾರೆ."

"ಬಾಗಿಲು ತಟ್ಟಿ ಬರೋಕಾಗಲ್ವಾ ನಿನಗೆ?"

"ತಟ್ಟೋಕೆ ಇದೇನು ನಿನ್ನ ಮನೆಯಾ?" ಎಂದ. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು.

ಮಧ್ಯಾಹ್ನ ಮಂಚದ ಮೇಲೆ ಒರಗಿದ್ದೆ. ಮುಡಿ ಬಿಚ್ಚಿತ್ತು, ಸೆರಗು ಸರಿಯಾಗಿರಲಿಲ್ಲ. ಬಣ್ಣ ಬಳಿಯುವವನು ಡಬ್ಬಿ ಬಿಟ್ಟುಹೋಗಿದ್ದೆ ಎಂದು ಬಾಗಿಲಲ್ಲೇ ಇದ್ದ ಬೀಗದ ಕೈ ತಿರುಗಿಸಿ ಬಂದೇಬಿಟ್ಟ. ನಾನು ಕಿರುಚಿದೆ. ಹೊರಗಿದ್ದವರು ಯಾರೂ ಬರಲಿಲ್ಲ. ಅಮ್ಮ ಬಾಗಿಲಿನ ಸದ್ದು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡರಂತೆ.

ಅವನು ಹೋದ ಮೇಲೆ ಬಾಗಿಲಿಗೆ ಕುರ್ಚಿ ಒತ್ತಿಡಲು ನೋಡಿದೆ. ನಿಮ್ಮ ಕುರ್ಚಿ ನೆಲಕ್ಕೆ ಬಿಗಿದಿದೆ. ಮಂಚವೂ ಅಷ್ಟೆ. ಬೇರೇನೂ ಇರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಕಾರ್ಖಾನೆ ಮುಚ್ಚುವವರೆಗೂ ಹಾಗೇ ಕೂತಿದ್ದೆ. ಏಳಲು ಹೋದಾಗ ಸೊಂಟ ನೆಟ್ಟಗಾಗಲಿಲ್ಲ, ಬಡಗಿಯೇ ಕೈಹಿಡಿದು ಎಬ್ಬಿಸಿದ.

ಮರುದಿನ ಮನೆಯ ಬಚ್ಚಲುಮನೆಗೆ ಚಿಲಕ ಹಾಕಿಸಿದೆ.  ಸ್ನಾನಕ್ಕೆ ಹೋದ ಸೊಸೆ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ.

ಚಿಲಕದ ನಕ್ಷೆಯನ್ನು ದೊಡ್ಡದಾಗಿ ಬರೆದು ಕಳಿಸಿ. ಇದು ಒಪ್ಪಿಗೆಯಲ್ಲ. ಮಾಡಿ ನೋಡುತ್ತೇನೆ.

ಇಂತಿ,
ಯಜಮಾನಿ

ಏಪ್ರಿಲ್ ೮

ಯಜಮಾನಿಯವರಿಗೆ,

ನಕ್ಷೆ ಈ ಪತ್ರದೊಂದಿಗಿದೆ. ಚಿಲಕ ಕೂರಿಸಿದ ಮೇಲೆ ದಯವಿಟ್ಟು ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ಎಲ್ಲರಿಗಿಂತ ತೂಕದವರು ಯಾರೋ ಅವರನ್ನು ಒಳಗೆ ಬಾಗಿಲಿಗೆ ಒರಗಿಸಿ ಕೂರಿಸಿ, ಹೊರಗಿನಿಂದ ನೀವು ತೆಗೆಯಿರಿ. ಬೇರೆಯವರ ಕೈಯಲ್ಲಿ ತೆಗೆಸಬೇಡಿ. ನಿಮಗೆ ನಂಬಿಕೆ ಬಂದರೆ ನನಗೆ ಸಾಕು.

ಲಾರಿ ಚಾಲಕನ ವಿಷಯಕ್ಕೆ ಬೇಸರವಾಯಿತು. ನಕ್ಕೆ ಕೂಡ. ಕ್ಷಮಿಸಿ.

ಆರ್ಕಿಟೆಕ್ಟ್

ಜೂನ್ ೧೪

ಆರ್ಕಿಟೆಕ್ಟ್ ಅವರಿಗೆ,

ಪತ್ರ ತಡವಾಯಿತು. ಬಾಗಿಲುಗಳೂ ತಡವಾಗುತ್ತವೆ. ತಪ್ಪು ನಮ್ಮದು.

ನಮ್ಮಲ್ಲಿ ತೂಕದವನೆಂದರೆ ಲೆಕ್ಕ ಬರೆಯುವವನು. ಅವನನ್ನು ಒಳಗೆ ಕಳಿಸಿ, ಚಿಲಕ ಹಾಕಿಸಿ, ಬಾಗಿಲಿಗೆ ಒರಗಿ ಕೂರಲು ಹೇಳಿದೆ. ಬೀಗದ ಕೈ ನನ್ನ ಕೈಯಲ್ಲಿತ್ತು. ಒಂದು ತಿರುವು, ಚಿಲಕ ಬಿಟ್ಟಿತು. ಇನ್ನೊಂದು ತಿರುವಿಗೆ ತಡೆಪಟ್ಟಿ ಕಳಚಿ ಬಾಗಿಲು ಹೊರಕ್ಕೆ ಬರಬೇಕು. ಬರಲಿಲ್ಲ. ಎಳೆದೆ. ಬಡಗಿ ಎಳೆದ. ಇಬ್ಬರೂ ಸೇರಿ ಎಳೆದೆವು.

"ಅಮ್ಮ, ನಾನು ಏಳ್ಲಾ?" ಎಂದು ಒಳಗಿನಿಂದ ಕೇಳಿದ.

"ಏಳ್ಬೇಡ! ನೀನು ಪ್ರಜ್ಞೆ ತಪ್ಪಿದೋನು, ಮಾತಾಡಬಾರದು."

"ಆಯ್ತಮ್ಮ."

"ಮತ್ತೆ ಮಾತಾಡ್ತಾನೆ ನೋಡು!"

ಕೆಲಸದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಚಿಲಕ ತೆರೆದಿದೆ, ಬೀಗದ ಕೈ ಕೈಯಲ್ಲಿದೆ, ಆದರೂ ಒಳಗೆ ಹೋಗಲು ಆಗುತ್ತಿಲ್ಲ. ಬಾಗಿಲ ಮುಂದೆ ಹೀಗೆ ನಾನು ಹಿಂದೊಮ್ಮೆ ನಿಂತಿದ್ದೇನೆ.

ಬಿಚ್ಚಿ ನೋಡಿದಾಗ ತಿಳಿಯಿತು. ತಡೆಪಟ್ಟಿಯನ್ನು ಬಡಗಿ ನಿಮ್ಮ ನಕ್ಷೆಯಂತೆಯೇ ಕೂರಿಸಿದ್ದ. ಆದರೆ ಅದರ ಹಿಂದೆ ಅಂಟು ಬಳಿದಿದ್ದ. ಯಾಕೋ ಎಂದರೆ ಬಡಗಿ ನನ್ನ ಮುಖವನ್ನೇ ನೋಡಿದ. "ನಮ್ಮಲ್ಲಿ ಎಲ್ಲಕ್ಕೂ ಬಳೀತೀವಲ್ಲ ಅಮ್ಮ." ನಿಜ. ನಮ್ಮ ಬಾಗಿಲಿನಲ್ಲಿ ಯಾವ ತುಂಡೂ ಯಾವ ಕಾಲಕ್ಕೂ ಕಳಚಬಾರದೆಂದು ಮಾವನವರು ಕಲಿಸಿದ್ದು. ಬೇರೆ ಕಾರ್ಖಾನೆಯವರು ಉಳಿಸಲು ನೋಡುವ ಅಂಟನ್ನು ನಾವು ಧಾರಾಳವಾಗಿ ಬಳಿಯುತ್ತೇವೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಎಲ್ಲ ಚೌಕಟ್ಟುಗಳನ್ನೂ ಬಿಚ್ಚಿಸಿ ಹೊಸದಾಗಿ ಮಾಡಿಸುತ್ತಿದ್ದೇನೆ. ಒಂದೊಂದು ಬಾಗಿಲಿಗೂ ಲೆಕ್ಕದವನನ್ನು ಒರಗಿಸಿ ನಾನೇ ತೆಗೆದು ನೋಡಿ ಕಳಿಸುತ್ತೇನೆ. ಅವನು ಮೈ ಇಳಿಸಿಕೊಳ್ಳುವ ಮಾತಾಡುತ್ತಿದ್ದ. ಈ ಕೆಲಸ ಮುಗಿಯುವವರೆಗೆ ಬೇಡ ಎಂದಿದ್ದೇನೆ.

ಇಂತಿ,
ಯಜಮಾನಿ

ಆಗಸ್ಟ್ ೨೫

ಯಜಮಾನಿಯವರಿಗೆ ನಮಸ್ಕಾರಗಳು.

ಬಾಗಿಲುಗಳೆಲ್ಲ ಕೂತವು. ಅಂಗಳಕ್ಕೆ ಮಣ್ಣು ತುಂಬಿ ಗಿಡ ನೆಡುತ್ತಿದ್ದಾರೆ. ಮುಂದಿನ ತಿಂಗಳ ಕೊನೆಗೆ ಹಳೆಯ ವಿಭಾಗದವರು ಇಲ್ಲಿಗೆ ಬರುತ್ತಾರೆ.

ಈಗ ಬರೆಯುವುದು ಕಟ್ಟಡದ ವಿಷಯವಲ್ಲ. ಇದನ್ನು ತಿಳಿಸಲು ಡಾಕ್ಟರು ನನಗೆ ಹೇಳಿದ್ದಾರೆ. ಪ್ರತಿ ಕೋಣೆಯ ಚಿಲಕವನ್ನೂ ಕೆಲಸ ಮಾಡುವಂತೆ ಬಿಡಬಹುದು, ಅಥವಾ ಹೊರಗಿನಿಂದ ಒಂದು ತಿರುಪು ಬಿಗಿದು ನಿಲ್ಲಿಸಬಹುದು. ಯಾರಿಗೆ ಬಿಡಬೇಕು, ಯಾರಿಗೆ ಬಿಡಬಾರದು ಎಂದು ಡಾಕ್ಟರು ಒಬ್ಬೊಬ್ಬರ ವಿಷಯದಲ್ಲೂ ಯೋಚಿಸಿ ತೀರ್ಮಾನಿಸುತ್ತಾರೆ. ನಿಮ್ಮ ಮೈದುನನ ವಿಷಯದಲ್ಲಿ ಅವರಿಗೆ ಎರಡು ಮನಸ್ಸು. ಈಚಿನ ವರ್ಷಗಳಲ್ಲಿ ಅವರು ಶಾಂತವಾಗಿದ್ದಾರೆ. ಹಿಂದೆ ಮನೆಯಲ್ಲಿ ನಡೆದದ್ದೂ ಇದೆ. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ನೀವೊಬ್ಬರೇ. ನಿಮ್ಮ ಮಾತು ಕೇಳದೆ ನಿರ್ಧರಿಸುವುದಿಲ್ಲ ಎಂದಿದ್ದಾರೆ.

ಇದರಲ್ಲಿ ನಾನು ಏನೂ ಹೇಳಬಾರದು, ಹೇಳುವುದಿಲ್ಲ. ಸ್ಥಳಾಂತರಕ್ಕೆ ಮೊದಲು ನಿಮ್ಮ ಉತ್ತರ ಬಂದರೆ ಸಾಕು.

ಆರ್ಕಿಟೆಕ್ಟ್

ಅಕ್ಟೋಬರ್ ೧೭

ಆರ್ಕಿಟೆಕ್ಟ್ ಅವರಿಗೆ,

ನಿಮಗೆ ಉತ್ತರ ಬರೆಯಲಿಲ್ಲ. ಇಂಥದ್ದನ್ನು ಕಾಗದದಲ್ಲಿ ಹೇಳುವುದು ಸರಿಯಲ್ಲವೆಂದು ಡಾಕ್ಟರ ಹತ್ತಿರ ನಾನೇ ಹೋದೆ. ಮಗನೂ ಬಂದಿದ್ದ.

ಡಾಕ್ಟರು ಆ ದಿನ ಏನಾಯಿತೆಂದು ಕೇಳಿದರು. ಏನನ್ನೂ ಬಿಡದೆ ಹೇಳಿದೆ. ಒಳಗೆ ಹೋದಾಗ ಅವನು ಹೇಗಿದ್ದ, ಅವನ ಅಣ್ಣ ಏನು ಮಾಡಿದರು, ನಾನು ಏನು ಹಿಡಿದುಕೊಂಡೆ, ಎಲ್ಲವನ್ನೂ. ಮಗನಿಗೆ ಅದರಲ್ಲಿ ಅರ್ಧ ಗೊತ್ತಿರಲಿಲ್ಲ. ಅವನು ಕಿಟಕಿಯ ಕಡೆ ತಿರುಗಿಕೊಂಡ.

"ಹಾಗಾದ್ರೆ ಚಿಲಕ ನಿಲ್ಲಿಸಿಬಿಡೋದು ಒಳ್ಳೇದು ಅಂತೀರಾ?" ಎಂದರು ಡಾಕ್ಟರು.

"ಹಾಗಂದ್ನಾ ನಾನು? ಏನಾಯ್ತು ಅಂತ ಕೇಳಿದ್ರಿ, ಹೇಳಿದೆ. ಚಿಲಕ ಇರಲಿ."

"ಯೋಚನೆ ಮಾಡಿ ಹೇಳ್ತಿದೀರಾ?"

"ಡಾಕ್ಟ್ರೇ, ಬೇರೆ ಏನನ್ನೂ ಇಷ್ಟು ಯೋಚನೆ ಮಾಡಿಲ್ಲ."

ಅವರು ಸರಿ, ನನ್ನ ಮನಸ್ಸೂ ಅದೇ ಕಡೆಗಿತ್ತು ಎಂದರು. ದಾದಿಯರು ಗಂಟೆಗಂಟೆಗೂ ಕಿಂಡಿಯಲ್ಲಿ ನೋಡುತ್ತಿರುತ್ತಾರೆ ಎಂದೂ ಹೇಳಿದರು.

ಕಾರಿನಲ್ಲಿ ಮಗ ಕೇಳಿದ, "ನಾಳೆ ಏನಾದ್ರೂ ಆದ್ರೆ ಏನಮ್ಮ ಮಾಡ್ತೀಯ?"

"ಅಮ್ಮನೇ ಚಿಲಕ ಇರಲಿ ಅಂದಳು ಅಂತ ಎಲ್ಲರಿಗೂ ಹೇಳು."

"ನಾನು ಹಾಗೆ ಹೇಳೋನಾ?"

"ನೀನು ಹೇಳದಿದ್ರೆ ನಾನೇ ಹೇಳ್ತೀನಿ."



ನಿನ್ನೆ ಹೊಸ ಆಸ್ಪತ್ರೆಯಲ್ಲಿ ಮೊದಲ ಭೇಟಿಯ ದಿನ. ನಿಮ್ಮ ಎರಡು ಬಾಗಿಲು ದಾಟಿ ಒಳಗೆ ಹೋದೆ. ಅಂಗಳದಲ್ಲಿ ಗಿಡಗಳು ಇನ್ನೂ ಮೊಣಕಾಲೆತ್ತರ ಇವೆ, ಆದರೆ ಬಿಸಿಲು ನೆಲದವರೆಗೆ ಬರುತ್ತದೆ. ಹಳೆಯ ವಿಭಾಗದ ಆ ವಾಸನೆ ಇಲ್ಲ. ಓಣಿಗೆ ಮೂಲೆಗಳಿಲ್ಲ, ನಡೆದು ಹೋಗುವವರು ದೂರದಿಂದಲೇ ಕಾಣುತ್ತಾರೆ. ಬಾಗಿಲುಗಳನ್ನು ಕೈಯಿಂದ ಮುಟ್ಟಿ ನೋಡಿದೆ. ಒಂದರಲ್ಲಿ ಪಾಲಿಶ್ ಸರಿಯಾಗಿಲ್ಲ. ಬಡಗಿಯನ್ನು ಕಳಿಸುತ್ತೇನೆ.

ಅವನ ಕೋಣೆಯ ಬಾಗಿಲು ಮುಚ್ಚಿತ್ತು. ಜೊತೆಗೆ ಬಂದ ದಾದಿ ಚಿಕ್ಕ ವಯಸ್ಸಿನವಳು. ನಾನೇ ಬಾಗಿಲು ತಟ್ಟಿದೆ.

"ಯಾರು?"

"ನಾನು ಕಣೋ."

ಮಂಚದ ಮೇಲೆ ಮಗ್ಗಲು ಬದಲಿಸಿದ ಸದ್ದಾಯಿತು. ಆಮೇಲೆ, "ಅತ್ತಿಗೆ, ಈಗ ನಿದ್ದೆ ಬರ್ತಿದೆ. ಇನ್ನೊಂದಿನ ಬನ್ನಿ," ಎಂದ.

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಊಟ ಸಾಕು ಎನ್ನುವವರ ಹಾಗೆ ಹೇಳಿದ.

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಆಮೇಲೆ ಬಾ ಎಂದು ಬಾಗಿಲ ಹೊರಗೆ ನಿಲ್ಲಿಸಿಲ್ಲ. ಅದರಲ್ಲೂ ನಾನು ಮಾಡಿಸಿದ ಬಾಗಿಲ ಹೊರಗೆ. ದಾದಿಗೆ ಪೇಚಾಯಿತು. ಕಿಂಡಿಯಲ್ಲಿ ನೋಡಿ, "ಮಂಚದ ಮೇಲೆ ಕಾಲು ಚಾಚಿ ಮಲಗಿದಾರೆ ಅಮ್ಮ. ನೀವೂ ನೋಡಿ ಬೇಕಾದ್ರೆ," ಎಂದು ಪಕ್ಕಕ್ಕೆ ಸರಿದಳು. ನಾನು ನೋಡಲಿಲ್ಲ. ಅವಳು ಸೊಂಟದ ಬೀಗದ ಕೈ ತೆಗೆದಳು. "ಅಷ್ಟು ದೂರದಿಂದ ಬಂದಿದೀರ. ತೆಗೆದುಬಿಡ್ಲಾ? ಒಂದೇ ತಿರುವು."

ಅದು ಒಂದೇ ತಿರುವು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಬೀಗದ ಕೈ ಒಳಗಿಟ್ಕೊಳ್ಳಮ್ಮ," ಎಂದೆ. "ಅವನು ಬೇಡ ಅಂದನಲ್ಲ."

ಭೇಟಿಯ ಸಮಯ ಇನ್ನೂ ಬಹಳ ಇತ್ತು. ಅವನನ್ನು ನೋಡದೆಯೇ ಮನೆಗೆ ಬಂದೆ.

ಇಂತಿ,
ಬಾಗಿಲು ಕಾರ್ಖಾನೆಯ ಯಜಮಾನಿ